ನಮ್ಮತ್ತೆಯ ಕಿಡ್ನಿ ಮತ್ತು ಬೆರಕೆ ಸೊಪ್ಪು

ನನ್ನ ಹೊಟ್ಟೆಯ ಬಲಗಡೆ, ಸೀರೆಯ ನೆರಿಗೆ ಸಿಕ್ಕಿಸುವ ಜಾಗದ ಪಕ್ಕದಲ್ಲಿ, ನಮ್ಮತ್ತೆಯ ಕಿಡ್ನಿ ಇದೆ. ಇದನ್ನು ನಾನು ಯಾರಿಗೂ ಹೇಳಬೇಕಾಗಿಲ್ಲ. ಗುಬ್ಬಿಯಲ್ಲಿ ಯಾರ ಮದುವೆಗೆ ಹೋದರೂ ನಾನು ಚಪ್ಪಲಿ ಬಿಡುವಷ್ಟರಲ್ಲಿ ಅವರೇ ಸಾರಿಬಿಟ್ಟಿರುತ್ತಾರೆ: "ಇವಳೇ ಕಣವ್ವ ನನ್ನ ಸೊಸೆ ಸುಧಾ. ನನ್ನ ಕಿಡ್ನಿ ಇವಳೊಳಗೇ ಇರಾದು." ನನ್ನ ಮುಖಕ್ಕೆ ಮಾಸ್ಕ್ ಇರುವುದರಿಂದ ಹೆಂಗಸರೆಲ್ಲ ಹೊಟ್ಟೆಯನ್ನೇ ನೋಡತೊಡಗುತ್ತಾರೆ. ಮೊದಮೊದಲು ನಾಚಿಕೆಯಿಂದ ಭೂಮಿಗಿಳಿದು ಹೋಗುವಂತಾಗುತ್ತಿತ್ತು. ಈಗ ನಾನೇ ಸೆರಗು ಸರಿ ಮಾಡಿಕೊಂಡು ನೆಟ್ಟಗೆ ನಿಲ್ಲುತ್ತೇನೆ.

ಈ ಕಿಡ್ನಿ ನನಗೆ ಸಿಕ್ಕಿದ್ದು ಒಂದು ಕಥೆ, ಅದನ್ನು ಉಳಿಸಿಕೊಂಡದ್ದು ಇನ್ನೊಂದು. ಸಿಕ್ಕಿದ್ದರ ಬಗ್ಗೆ ಎಲ್ಲರೂ ಹೇಳುತ್ತಾರೆ, ಹಾರ ಹಾಕುತ್ತಾರೆ. ಉಳಿಸಿಕೊಳ್ಳುವ ದಿನಗಳಲ್ಲಿ ಮಾತ್ರ ಮನುಷ್ಯ ಒಂಟಿ. ಯಾವುದೋ ಊರಿನ ಆಸ್ಪತ್ರೆಯಲ್ಲಿ ರಿಪೋರ್ಟಿಗಾಗಿ ಕಾಯುತ್ತಾ ಕೂತಿರುವ ಯಾರಿಗಾದರೂ ಜೊತೆಯಾದೀತೆಂದು ಇದನ್ನು ಬರೆಯುತ್ತಿದ್ದೇನೆ.

ನನ್ನ ಕೆಲಸದ ವಿಷಯ ಮೊದಲು ಹೇಳಬೇಕು. ಹಿರೇಹಳ್ಳಿಯ ಕೈಗಾರಿಕಾ ಪ್ರದೇಶದಲ್ಲಿ ಔಷಧಿ ಪರೀಕ್ಷೆ ಮಾಡುವ ಲ್ಯಾಬೊಂದಿದೆ. ಅಲ್ಲಿ ಇಲಿಗಳನ್ನು ನೋಡಿಕೊಳ್ಳುವುದು ನನ್ನ ಕೆಲಸ. ಊರಿನ ಬಾಯಲ್ಲಿ "ಇಲಿ ಸಾಕೋಳು". ಬಿ.ಎಸ್ಸಿ. ಓದಿ ಇಲಿ ಸಾಕುತ್ತಾಳೆ ಎಂದು ಕುಣಿಗಲ್‌ನ ನನ್ನ ತವರಿನವರೂ ನಗುತ್ತಿದ್ದರು. ನಗಲಿ ಬಿಡಿ. ನಮ್ಮಲ್ಲಿ ಒಂದು ಕಪ್ಪು ಇಲಿಯ ಚರ್ಮದ ಚೂರನ್ನು ಬಿಳಿ ಇಲಿಯ ಬೆನ್ನಿಗೆ ಕೂಡಿಸುತ್ತಾರೆ. ಬಿಳಿ ಇಲಿಯ ಮೈ ಅದನ್ನು ತನ್ನದಲ್ಲವೆಂದು ಗುರುತಿಸುತ್ತದೆ. ತೇಪೆ ಒಣಗಿ, ಹುರುಪೆಗಟ್ಟಿ ಉದುರುತ್ತದೆ. ಮೈಯ ಆ ಸಿಟ್ಟನ್ನು ತಣಿಸುವ ಔಷಧಿ ಸರಿಹೋದರೆ ಮಾತ್ರ ತೇಪೆ ನಿಲ್ಲುತ್ತದೆ. ಸ್ವಲ್ಪ ದಿನಕ್ಕೆ ಆ ಬಿಳಿ ಬೆನ್ನಿನ ಮೇಲೆ ನುಣ್ಣಗೆ ಕಪ್ಪು ಕೂದಲು ಏಳುತ್ತದೆ. ಮೊದಲ ಸಲ ಅದನ್ನು ಕಂಡ ದಿನ ನಾನು ಮಾಸ್ಕಿನೊಳಗೇ ನಕ್ಕಿದ್ದೆ. ಪ್ರಯೋಗ ಮುಗಿದ ಮೇಲೆ ಆ ಇಲಿಗಳು ಉಳಿಯುವುದಿಲ್ಲ. ಅದು ನನಗೆ ಎಂದೂ ಅಭ್ಯಾಸವಾಗಲಿಲ್ಲ, ಆಗಬಾರದು ಎಂದೇ ನನ್ನ ನಂಬಿಕೆ.

ನಮ್ಮತ್ತೆ ಸಿದ್ದಗಂಗಮ್ಮನವರಿಗೆ ಈ ಕೆಲಸ ಕಣ್ಣಿಗೆ ಬಿದ್ದ ಕಸವಿದ್ದ ಹಾಗೆ. ದಿನಾ ವಿಭೂತಿ ಹಚ್ಚಿ, ಲಿಂಗಪೂಜೆ ಮಾಡದೆ ನೀರು ಮುಟ್ಟದ ಹೆಂಗಸು. "ಗಣಪತಿ ವಾಹನನ ಗೋಳುಹೊಯ್ಕಂಡು ಬರೋಳು, ಹಂಗೇ ಹೊಸ್ತಿಲು ದಾಟ್ಬೇಡ" ಎಂದು ಮದುವೆಯಾದ ಹೊಸದರಲ್ಲೇ ಕಟ್ಟಳೆ ಮಾಡಿದ್ದರು. ಕಂಪನಿ ವ್ಯಾನು ಇಳಿದವಳು ಹಿತ್ತಲ ಬಾಗಿಲಿಂದ ಬಚ್ಚಲಿಗೆ ಹೋಗಿ, ತಲೆಗೆ ನೀರು ಹುಯ್ದುಕೊಂಡೇ ಒಳಗೆ ಬರಬೇಕು. ನನಗೂ ಬಾಯಿ ಕಡಿಮೆಯಿಲ್ಲ. "ಲ್ಯಾಬಲ್ಲಿ ಒಳಗೆ ಹೋಗಕ್ಕೊಂದು ಸ್ನಾನ, ಹೊರಗೆ ಬರಕ್ಕೊಂದು ಸ್ನಾನ ಮಾಡ್ತೀವಿ ಅತ್ತೆ, ನಿಮ್ಮ ದೇವರ ಮನೆಗಿಂತ ಮಡಿ ಅಲ್ಲಿ" ಎನ್ನುತ್ತಿದ್ದೆ. "ಮಾತಿಗೇನ್ ಕಮ್ಮಿ ಇಲ್ಲ, ನೀರ್ ಹುಯ್ಕೋ ಹೋಗು" ಎನ್ನುತ್ತಿದ್ದರು. ನನ್ನ ಗಂಡ ಲೋಕೇಶ ಬಿದರೆಹಳ್ಳ ಕಾವಲ್‌ನ ಹೆಲಿಕಾಪ್ಟರ್ ಫ್ಯಾಕ್ಟರಿಯಲ್ಲಿ ಫಿಟ್ಟರ್. ನಮ್ಮಿಬ್ಬರ ಜಗಳ ಶುರುವಾದರೆ ಟೀವಿಯ ಸೌಂಡು ಜಾಸ್ತಿ ಮಾಡಿ ಕೂರುವ ಜಾಣ.

ಕಾಯಿಲೆ ಕಾಲಿನಿಂದ ಬಂತು. ಲ್ಯಾಬಿನ ರಬ್ಬರ್ ಶೂ ಬಿಗಿಯಾಗತೊಡಗಿತು. ಹೊಸ ಸ್ಟಾಕು ಸರಿಯಿಲ್ಲವೆಂದು ಸ್ಟೋರಿನವರ ಜೊತೆ ಜಗಳವಾಡಿ ದೊಡ್ಡ ಸೈಜು ತಂದುಕೊಂಡೆ. ಅದೂ ಬಿಗಿಯಾಯಿತು. ಆಮೇಲೆ ವಾಕರಿಕೆ, ಅನ್ನದ ವಾಸನೆ ಕಂಡರೆ ಆಗದು. ಅತ್ತೆ ವಿಶೇಷವೇನೋ ಎಂದು ಒಳಗೊಳಗೇ ಖುಷಿಪಟ್ಟಿದ್ದರು. ತುಮಕೂರಿನಲ್ಲಿ ರಕ್ತ ಪರೀಕ್ಷೆ ಮಾಡಿಸಿದಾಗ ಡಾಕ್ಟರು ಮೊದಲು ನನ್ನನ್ನಲ್ಲ, ಲೋಕೇಶನನ್ನು ನೋಡಿದರು. ಹಾಗೆ ನೋಡಿದಾಗಲೇ ನನಗೆ ಅರ್ಥವಾಯಿತು. ಎರಡೂ ಕಿಡ್ನಿ ಕೈಬಿಡುತ್ತಿದ್ದವು.

ಡಯಾಲಿಸಿಸ್ ದಿನಗಳ ಬಗ್ಗೆ ಕೇಳಿದರೆ ಎಲ್ಲರೂ ಸೂಜಿಯ ಬಗ್ಗೆ ಹೇಳುತ್ತಾರೆ. ನನಗೆ ನೆನಪಿರುವುದು ದಾಹ. ಲೆಕ್ಕ ಹಾಕಿ ಕೊಡುವ ನೀರು ನಾಲಿಗೆಗೇ ಸಾಲದು. ತೆಂಗಿನ ತೋಟದ ಮನೆಯ ಸೊಸೆ ನಾನು, ಹಿತ್ತಲ ತುಂಬ ಎಳನೀರು, ಒಂದು ಗುಟುಕು ಕುಡಿಯುವಂತಿಲ್ಲ. ತುಮಕೂರಿನ ಆ ಕಾಯುವ ಕೋಣೆಯಲ್ಲಿ ಗಂಡನನ್ನು ಕರೆತರುತ್ತಿದ್ದ ಕುಣಿಗಲ್ ಕಡೆಯ ಒಬ್ಬ ಹೆಂಗಸು ಫ್ಲಾಸ್ಕಿನಲ್ಲಿ ಐಸು ತರುತ್ತಿದ್ದಳು. ಎಲ್ಲರ ಕೈಗೂ ಒಂದೊಂದು ಚೂರು ಇಟ್ಟು, "ಚೀಪ್ಕಂಡು ಕುತ್ಕೊಳವ್ವ, ಅಗೀಬ್ಯಾಡ" ಎನ್ನುತ್ತಿದ್ದಳು. ಅವಳ ಹೆಸರು ಕೇಳಲಿಲ್ಲ. ಆ ತಣ್ಣನೆಯ ಚೂರು ಈಗಲೂ ನಾಲಿಗೆಯ ಮೇಲಿದೆ.

ಅತ್ತೆ ಅಲ್ಲಿಗೆ ಬಂದದ್ದು ಒಂದೇ ಸಲ, ಲೋಕೇಶನಿಗೆ ರಜೆ ಸಿಗದ ದಿನ. ಮಷೀನಿನ ಟ್ಯೂಬಿನಲ್ಲಿ ನನ್ನ ರಕ್ತ ಓಡಾಡುವುದನ್ನು ನೋಡಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ಕಿಟಕಿಯ ಕಡೆ ಮುಖ ಮಾಡಿಕೊಂಡೇ, "ನಂದು ತಗಳಕ್ಕಾಗ್ತದಾ ಕೇಳು" ಅಂದರು.

"ಏನು ಅತ್ತೆ?"

"ಕಿಡ್ನಿ ಕಣೇ. ಇನ್ನೇನು, ಬಳೆನಾ?"

ನಮ್ಮಮ್ಮ ಕೊಡೋಣವೆಂದರೆ ಸಕ್ಕರೆ ಕಾಯಿಲೆ, ಲೋಕೇಶನ ರಕ್ತದ ಗುಂಪೇ ಬೇರೆ. ಪರೀಕ್ಷೆ ಮಾಡಿಸಿದರೆ ಅತ್ತೆಯದು ಕೂಡಿತು. ಮದುವೆಗೆ ಜಾತಕ ನೋಡಿದಾಗ ಗಂಡನಿಗೂ ನನಗೂ ಇಷ್ಟು ಕೂಡಿರಲಿಲ್ಲ!

ಅತ್ತೆ, ಸೊಸೆ ರಕ್ತಸಂಬಂಧಿಗಳಲ್ಲವಲ್ಲ, ಹಾಗಾಗಿ ಬೆಂಗಳೂರಿನಲ್ಲಿ ಒಂದು ಸಮಿತಿಯ ಮುಂದೆ ಕೂರಿಸಿದರು. ಯಾರಾದರೂ ಬಲವಂತ ಮಾಡಿದ್ದಾರಾ ಎಂದು ಅವರು ಕೇಳಲೇಬೇಕು. ಅತ್ತೆ ಕುರ್ಚಿಯ ತುದಿಯಲ್ಲಿ ಕೂತು, "ನನ್ನ ಬಲವಂತ ಮಾಡಾ ಗಂಡ್ಸು ಒಬ್ಬನೇ ಇದ್ದ, ಹೋಗ್ಬುಟ್ಟ. ಅವನ ಕೈಲೂ ಆಗ್ತಿರ್ಲಿಲ್ಲ" ಅಂದರು. ಸೊಸೆಗೆ ಯಾಕೆ ಕೊಡುತ್ತೀರಿ ಎಂಬ ಪ್ರಶ್ನೆಗೆ, "ನನ್ತಾವ ಎರಡವೆ, ಇವಳ್ತಾವ ಒಂದೂ ನೆಟ್ಟಗಿಲ್ಲ. ಇದರಾಗೆ ಕೇಳಾದೇನೈತೆ ಸ್ವಾಮಿ?" ಎಂದರು. ಆ ಅಧಿಕಾರಿಗಳ ಮುಖ ನೋಡಬೇಕಿತ್ತು. ಅಂದು ನಾನು ಆ ಹೆಂಗಸಿನ ಸೊಸೆ ಎನ್ನುವುದಕ್ಕೆ ಎದೆಯುಬ್ಬಿ ಬಂತು.

ಆಪರೇಷನ್ ಆದ ಮೇಲೆ ನನಗೆ ಎಚ್ಚರವಾದಾಗ ನರ್ಸು ಮೂತ್ರದ ಚೀಲ ಎತ್ತಿ ತೋರಿಸಿದಳು. ತುಂಬಿತ್ತು. ಸುದ್ದಿ ಅತ್ತೆಯ ವಾರ್ಡಿಗೆ ಹೋಯಿತು. ಹೊಲಿಗೆಯ ನೋವಿನಲ್ಲೂ ಅವರು ಪಕ್ಕದ ಮಂಚದವರಿಗೆಲ್ಲ, "ನನ್ನ ಕಿಡ್ನಿ ಅಲ್ಲಿ ಕೆಲ್ಸ ಮಾಡ್ತಾ ಐತಂತೆ, ಹೋದ ಗಳಿಗೇಲೇ!" ಎಂದು ಹೇಳಿದರಂತೆ. ಗಂಡನ ಮನೆಗೆ ಹೋಗಿ ಸೈ ಅನ್ನಿಸಿಕೊಂಡ ಮಗಳ ಬಗ್ಗೆ ಹೇಳುವ ಧಾಟಿ ಅದು.

ಊರಿಗೆ ಬಂದ ಮೇಲೆ ಮನೆಯ ಕಟ್ಟಳೆ ತಿರುಗಿತು. ಮೈಯ ಸಿಟ್ಟು ತಣಿಸುವ ಮಾತ್ರೆ ನುಂಗುವವಳಿಗೆ ಸಣ್ಣ ನೆಗಡಿಯೂ ದೊಡ್ಡ ಗಂಡಾಂತರ. ಲ್ಯಾಬಿನಲ್ಲಿ ಅಂಥ ಇಲಿಗಳ ಪಂಜರಕ್ಕೆ ನಾವು ಟೋಪಿ, ಗೌನು, ಗ್ಲೌಸಿಲ್ಲದೆ ಕೈಹಾಕುತ್ತಿರಲಿಲ್ಲ. ಈಗ ನಾನೇ ಆ ಪಂಜರದೊಳಗೆ. ಕಾವಲಿಗೆ ನಿಂತವರು ನಮ್ಮತ್ತೆ. ಮಠದಿಂದ ಪ್ರಸಾದ ತಂದವರಿಗೂ ಬಿಡಲಿಲ್ಲ: "ಸೋಪ್ ಹಾಕಿ ಕೈ ತೊಳ್ಕಳಿ ಬುದ್ಧಿ, ಮಾಸ್ಕ್ ಹಾಕ್ಕಂಡು ಬಾಗ್ಲಲ್ಲೇ ಕುತ್ಕಳಿ." ಲೋಕೇಶ ಫ್ಯಾಕ್ಟರಿಯಿಂದ ಬಂದರೆ ಹಿತ್ತಲ ಬಚ್ಚಲಿಗೇ ದಾರಿ. "ಇಷ್ಟು ವರ್ಷ ನಾನು ಹುಯ್ಕಂಡೆ, ಈಗ ನೀನು ಹುಯ್ಕೋ" ಎಂದು ನಾನು ಕಿಟಕಿಯಿಂದ ರೇಗಿಸುತ್ತಿದ್ದೆ.

ಎಲ್ಲ ಸರಿಯಿತ್ತು. ಕ್ರಿಯಾಟಿನಿನ್ ಎಂದೊಂದು ಪರೀಕ್ಷೆ. ಕಿಡ್ನಿಯವರಿಗೆ ಅದೇ ಮಾರ್ಕ್ಸ್ ಕಾರ್ಡು, ಕಡಿಮೆ ಬಂದಷ್ಟೂ ಪಾಸು. ನಾನು ಪಾಸಾಗುತ್ತಲೇ ಇದ್ದೆ. ಅತ್ತೆಗೆ ಅಂಕಿ ಓದಲು ಬರುತ್ತಿತ್ತು. ರಿಪೋರ್ಟು ಬಂದ ದಿನ ಪಕ್ಕದ ಮನೆಯವರಿಗೂ ಹೇಳಿ ಬರುತ್ತಿದ್ದರು. ಆಮೇಲೊಂದು ಸಲ ಅಂಕಿ ಸ್ವಲ್ಪ ಏರಿತು. ನೀರು ಕಡಿಮೆ ಕುಡಿದಿರಬೇಕು ಎಂದುಕೊಂಡೆವು. ಮರುಸಲ ಇನ್ನೂ ಏರಿತು. ಮೂತ್ರ ಕಡಿಮೆಯಾಯಿತು, ಹೊಲಿಗೆಯ ಜಾಗ ಒತ್ತಿದರೆ ನೋವು. ಅದೇ ಸಂಜೆ ಬೆಂಗಳೂರಿಗೆ ಹೋಗಿ ಅಡ್ಮಿಟ್ ಆದೆ. ಸೂಜಿ ಹಾಕಿ ಕಿಡ್ನಿಯ ಚೂರು ತೆಗೆದು ಪರೀಕ್ಷೆಗೆ ಕಳಿಸಿದರು. ಮಾರನೆಯ ದಿನ ಕಿಡ್ನಿ ಡಾಕ್ಟರಮ್ಮ ಬಂದು ಮಂಚದ ಪಕ್ಕದಲ್ಲೇ ಕೂತು, "ರಿಜೆಕ್ಷನ್ ಶುರುವಾಗಿದೆ ಸುಧಾ, ನಿಮ್ಮ ಮೈ ಕಿಡ್ನಿನ ಬೇಡ ಅಂತಿದೆ" ಅಂದರು.

ಲೋಕೇಶನ ಮುಖ ಬಿಳಿಚಿಕೊಂಡಿತು. "ನಮ್ಮ ಫ್ಯಾಕ್ಟ್ರೀಲಿ ರಿಜೆಕ್ಟ್ ಆದ ಪಾರ್ಟು ಸ್ಕ್ರ್ಯಾಪಿಗೆ ಹೋಯ್ತದೆ ಮೇಡಂ" ಅಂದ.

"ಇದು ಪಾರ್ಟಲ್ಲಪ್ಪ. ಬೇಗ ಗೊತ್ತಾಗಿದೆ, ಸ್ಟೆರಾಯ್ಡ್ ಇಂಜೆಕ್ಷನ್ ಕೊಡ್ತೀವಿ. ತುಂಬ ಜನಕ್ಕೆ ಹಿಡಿತಕ್ಕೆ ಬರುತ್ತೆ" ಎಂದರು ಡಾಕ್ಟರಮ್ಮ. ಆಮೇಲೆ ನನ್ನನ್ನು ಕೇಳಿದರು: "ಮಾತ್ರೆ ತಪ್ಪಿಸಿದ್ದೀರಾ? ಬೇರೆ ಯಾವುದಾದರೂ ಔಷಧಿ, ನಾಟಿ ಮದ್ದು, ಪುಡಿ, ಕಷಾಯ?"

ಇಲ್ಲ ಅಂದೆ. ಲೋಕೇಶ ಇಲ್ಲ ಅಂದ. ಬಾಗಿಲಲ್ಲಿ ನಿಂತಿದ್ದ ಅತ್ತೆಯೂ, "ಇಲ್ಲ ಕಣವ್ವ, ನೀವ್ ಕೊಟ್ಟಿದ್ದು ಬಿಟ್ರೆ ಒಂದು ಮದ್ದೂ ಮುಟ್ಟಿಲ್ಲ" ಅಂದರು. ಮೂವರೂ ನಿಜವನ್ನೇ ಹೇಳಿದ್ದೆವು.

ಆ ಮಧ್ಯಾಹ್ನ ಡ್ರಿಪ್ಪು ಇಳಿಯುತ್ತಿರುವಾಗ ನನ್ನ ಕಣ್ಣ ಮುಂದೆ ಬರೀ ಒಣಗಿದ ತೇಪೆಗಳು. ತೇಪೆಯ ಅಂಚು ಹೇಗೆ ಕಂದಾಗುತ್ತದೆ, ಹೇಗೆ ಎದ್ದು ಬರುತ್ತದೆ ಎನ್ನುವುದನ್ನು ಇಷ್ಟು ವರ್ಷ ಕಣ್ಣಾರೆ ಕಂಡವಳು ನಾನು. ಒಳಗೆ ಅದೇ ಆಗುತ್ತಿದೆ ಎಂದು ಗೊತ್ತಿದ್ದು ಸುಮ್ಮನೆ ಮಲಗಿರುವುದಿದೆಯಲ್ಲ, ಅದು ಶತ್ರುವಿಗೂ ಬೇಡ. ಕಿಡ್ನಿ ಹೋದರೆ ನಾನು ಮತ್ತೆ ಮಷೀನಿಗೆ ಹೋಗಬೇಕು, ಅದಕ್ಕಲ್ಲ ನನಗೆ ಅಳು ಬಂದದ್ದು. ಎರಡಿದ್ದ ಆ ಹೆಂಗಸು ಒಂದನ್ನು ಕೊಟ್ಟು ಒಂದರಲ್ಲಿ ಬದುಕುತ್ತಿದ್ದಾರೆ, ಕೊಟ್ಟದ್ದು ನನ್ನೊಳಗೆ ಸತ್ತರೆ ಅವರ ಮುಖ ಹೇಗೆ ನೋಡಲಿ ಎಂದು ಅಳು ಬಂತು.

ಅತ್ತರೆ ಮೂಗು ಕಟ್ಟುತ್ತದೆ ಅಷ್ಟೆ. ಕೆಲಸದ ತಲೆ ನಿಧಾನಕ್ಕೆ ಓಡತೊಡಗಿತು. ಹಿಂದೊಮ್ಮೆ ನಮ್ಮ ಲ್ಯಾಬಿನಲ್ಲಿ ಒಂದು ಸಾಲಿನ ಇಲಿಗಳೆಲ್ಲ ಸೊರಗಿದ್ದವು. ಔಷಧಿಯನ್ನೇ ಅನುಮಾನಿಸಿ ಎಲ್ಲರೂ ತಲೆ ಕೆಡಿಸಿಕೊಂಡಿದ್ದರು. ಕೊನೆಗೆ ನೋಡಿದರೆ ಪಂಜರಕ್ಕೆ ಹಾಸುವ ಹೊಟ್ಟಿನ ಒಂದು ಚೀಲ ಕ್ರಿಮಿ ಕೊಲ್ಲುವ ಹಬೆಯ ಮಷೀನಿಗೆ ಹೋಗದೆಯೇ ಒಳಗೆ ಬಂದಿತ್ತು. ಅಂದಿನಿಂದ ನಮ್ಮಲ್ಲಿ ಒಂದು ಪದ್ಧತಿ: ಏನೇ ಹೆಚ್ಚುಕಮ್ಮಿಯಾದರೂ ಮೊದಲು ಪಂಜರ ನೋಡು. ಮೇವು, ನೀರು, ಹಾಸು. ಔಷಧಿ ಆಮೇಲೆ.

"ಅತ್ತೆ, ಇಲ್ಲಿ ಕೂತ್ಕೊಳ್ಳಿ" ಅಂದೆ. "ಮದ್ದು ಬೇಡ. ನಾನು ಊಟ ಏನೇನು ಮಾಡ್ದೆ ಹೇಳಿ."

"ಊಟನಾ? ಮುದ್ದೆ, ಬಿಸಿಯನ್ನ, ಬ್ಯಾಳೆ ಸಾರು. ಎಲ್ಲ ಬೇಯ್ಸೇ ಕೊಟ್ಟಿವ್ನಿ."

"ಬೇರೆ?"

"ಮಸ್ಸೊಪ್ಪು ಮಾಡ್ತಿದ್ನಲ್ಲ, ಬೆರಕೆ ಸೊಪ್ಪಿಂದು."

"ಬೆರಕೆಗೆ ಏನೇನು ಹಾಕ್ತಿದ್ರಿ?"

"ದಂಟು, ಕೀರೆ, ಹೊನಗೊನೆ..." ಬೆರಳು ಮಡಚುತ್ತಾ ಹೋದವರು ಒಂದು ಬೆರಳಲ್ಲಿ ನಿಂತರು. "ಒಂದಿಷ್ಟು ಅಮೃತಬಳ್ಳಿ ಎಲೆ."

ನಮ್ಮ ಹಿತ್ತಲ ಬೇವಿನ ಮರಕ್ಕೆ ಆ ಬಳ್ಳಿ ಹಬ್ಬಿದೆ. ಕೊರೊನಾ ಬಂದ ಮೇಲೆ ಊರಿನಲ್ಲಿ ಅದಕ್ಕೆ ಎಷ್ಟು ಮರ್ಯಾದೆ ಎಂದರೆ, ಮೈಗೆ ಶಕ್ತಿ ಬರುತ್ತದೆ, ರೋಗ ಹತ್ತಿರ ಸುಳಿಯುವುದಿಲ್ಲ ಎಂದು ಬೆಳಿಗ್ಗೆಯೇ ಕಿತ್ತುಕೊಂಡು ಹೋಗಲು ಜನ ಬರುತ್ತಿದ್ದರು. ಕಷಾಯ ಮಾಡಿಕೊಟ್ಟಿದ್ದರೆ ಅತ್ತೆಯ ಲೆಕ್ಕದಲ್ಲಿ ಅದು ಮದ್ದು, ಡಾಕ್ಟರು ಬೇಡವೆಂದಿದ್ದಾರೆ, ಕೊಡುತ್ತಿರಲಿಲ್ಲ. ಸೊಪ್ಪಿನ ಜೊತೆ ಬೆಂದರೆ ಅದು ಸಾರು. ಸಾರನ್ನು ಯಾರಾದರೂ ಔಷಧಿ ಅನ್ನುತ್ತಾರೆಯೇ? ನಾಲಿಗೆಗೆ ಸ್ವಲ್ಪ ಕಹಿ ಎನ್ನಿಸಿತ್ತು. ಮಾತ್ರೆಗಳಿಂದ ನನಗಾಗ ಎಲ್ಲವೂ ಕಹಿ, ಹಾಗಾಗಿ ಗೊತ್ತಾಗಲಿಲ್ಲ.

ಸಿಟ್ಟು ಬಂತು. ಸುಳ್ಳು ಯಾಕೆ ಹೇಳಲಿ, ಕೈಗೆ ಸೂಜಿ ಚುಚ್ಚಿರದಿದ್ದರೆ ಎದ್ದು ಹೋಗುತ್ತಿದ್ದೆ. "ಅತ್ತೆ, ನನ್ನ ಮೈಯಿನ ಶಕ್ತಿ ಕಡಿಮೆ ಮಾಡಕ್ಕೇ ಅಲ್ವಾ ಇಷ್ಟು ಮಾತ್ರೆ ನುಂಗ್ತಿರೋದು! ಅದಕ್ಕೆ ಶಕ್ತಿ ಬಂದ್ರೆ ಅದು ಮೊದಲು ಹೊಡೆಯೋದು ನಿಮ್ಮ ಕಿಡ್ನಿನೇ!"

ಅವರು ನನ್ನ ಮುಖವನ್ನೇ ನೋಡಿದರು. ಕಣ್ಣು ತುಂಬಿ ಬಂತು. ಸೆರಗು ಬಾಯಿಗೆ ಒತ್ತಿಕೊಂಡರು. ಆಮೇಲೆ ತೀರಾ ಸಣ್ಣ ದನಿಯಲ್ಲಿ, "ನಾನೇ ಕೊಟ್ಟು ನಾನೇ ಕಿತ್ಕಂಡ್ನಾ ಸುಧಾ?" ಅಂದರು.

ಆ ಮಾತಿಗೆ ನನ್ನ ಸಿಟ್ಟೆಲ್ಲ ಇಳಿದುಹೋಯಿತು. ಮದುವೆಯಾಗಿ ಇಷ್ಟು ವರ್ಷದಲ್ಲಿ ಅವರ ಕಣ್ಣಲ್ಲಿ ನೀರು ಕಂಡವಳಲ್ಲ ನಾನು, ಮಾವ ಹೋದ ದಿನವೂ ಕಂಡಿರಲಿಲ್ಲ. ಅವರ ಕೈ ಹಿಡಿದುಕೊಂಡೆ. "ನಮ್ಮ ಲ್ಯಾಬಲ್ಲಿ ಮೇವು ಹಾಕಿದೋರನ್ನ ಯಾರೂ ಬೈಯಲ್ಲ ಅತ್ತೆ. ಮೇವು ಬದಲಾಯಿಸ್ತೀವಿ, ಅಷ್ಟೆ."

ಡಾಕ್ಟರಮ್ಮನಿಗೆ ಹೇಳಿದೆವು. ಅವರು ಬೈಯಲಿಲ್ಲ. ಕುರ್ಚಿ ಎಳೆದುಕೊಂಡು ಅತ್ತೆಯ ಎದುರಿಗೇ ಕೂತರು. "ಇದೇ ಕಾರಣ ಅಂತ ಖಚಿತವಾಗಿ ಹೇಳೋಕಾಗಲ್ಲಮ್ಮ. ಇದಿಲ್ಲದೆಯೂ ರಿಜೆಕ್ಷನ್ ಆಗುತ್ತೆ. ಆದರೆ ನನಗೆ ಹೇಳಿದ್ದು ಒಳ್ಳೇದಾಯ್ತು. ಇನ್ನು ಮುಂದೆ ಔಷಧಿ ತಗೊಂಡ್ರಾ ಅಂತ ಮಾತ್ರ ಕೇಳಲ್ಲ, ಸಾರಿಗೆ ಏನು ಹಾಕಿದ್ರಿ ಅಂತಲೂ ಎಲ್ಲರನ್ನೂ ಕೇಳ್ತೀನಿ" ಅಂದರು. ಅತ್ತೆ ತಲೆಯಾಡಿಸಿದರೇ ಹೊರತು ನಗಲಿಲ್ಲ.

ಇಂಜೆಕ್ಷನ್ ಮುಗಿದು ಅಂಕಿಗಾಗಿ ಕಾಯುವ ಆ ದಿನಗಳು ದೊಡ್ಡವು. ಅತ್ತೆ ವರಾಂಡದ ಬೆಂಚು ಬಿಟ್ಟು ಏಳಲಿಲ್ಲ. ಅವರಿಗೂ ಹೊಟ್ಟೆಯ ಪಕ್ಕದಲ್ಲಿ ಹೊಲಿಗೆಯ ಗಾಯವಿದೆ, ಹೋಗಿ ಮಲಗಿ ಎಂದರೂ ಕೇಳಲಿಲ್ಲ. ಆಸ್ಪತ್ರೆಯ ಊಟದ ತಟ್ಟೆ ಬಂದರೆ ಮುಚ್ಚಳ ತೆಗೆದು ಪಲ್ಯವನ್ನು ಚಮಚದಲ್ಲಿ ಕೆದಕಿ ನೋಡುತ್ತಿದ್ದರು. "ಇದ್ಯಾವ ಸೊಪ್ಪಪ್ಪ?" ಎಂದು ಊಟ ತಂದವನನ್ನು ತಡೆದು ನಿಲ್ಲಿಸುತ್ತಿದ್ದರು. ಪಾಲಕ್ ಎಂದರೂ ನಂಬಿಕೆಯಿಲ್ಲ.

ಅಂಕಿ ಮೊದಲು ನಿಂತಿತು. ಆಮೇಲೆ ಇಳಿಯಿತು. ಇಳಿದ ರಿಪೋರ್ಟನ್ನು ಲೋಕೇಶ ಓಡಿಬಂದು ಅತ್ತೆಯ ಕೈಗೇ ಕೊಟ್ಟ. ಅವರು ಕನ್ನಡಕ ಹಾಕಿಕೊಂಡು, ಅಂಕಿಯ ಮೇಲೆ ಬೆರಳಿಟ್ಟು, ಎರಡೆರಡು ಸಲ ಓದಿದರು. ಹಣೆಗೆ ಒತ್ತಿಕೊಂಡರು. ಆಮೇಲೆ ನನ್ನ ಕಡೆ ತಿರುಗಿ, "ನೋಡ್ದೇನೇ? ನನ್ನ ಕಿಡ್ನಿ ಅಷ್ಟು ಸಲೀಸಾಗಿ ಸೋಲಾದಲ್ಲ. ಯಾರ್ದು ಅಂತ ತಿಳ್ಕಂಡಿದ್ದೀಯಾ!" ಅಂದರು. ನಮ್ಮತ್ತೆ ವಾಪಸ್ಸು ಬಂದರು ಎಂದು ನನಗೆ ಗೊತ್ತಾದದ್ದು ಆವಾಗ.

ಈಗ ನಾನು ಮತ್ತೆ ಕೆಲಸಕ್ಕೆ ಹೋಗುತ್ತಿದ್ದೇನೆ. ಇಲಿಗಳ ಕೋಣೆಯೊಳಗೆ ಕಾಲಿಡುವಂತಿಲ್ಲ. ಹೊಸದಾಗಿ ಸೇರಿದವರಿಗೆ ಹೊರಗಿನ ಕೋಣೆಯಲ್ಲಿ ಪಾಠ ಹೇಳುತ್ತೇನೆ. ಮೊದಲ ಪಾಠ ಯಾವಾಗಲೂ ಒಂದೇ: ಪಂಜರ ನೋಡಿ. ನೀವು ಮಾಡುತ್ತಿರುವ ಕೆಲಸದಿಂದ ಉಳಿದವಳು ಎದುರಿಗೆ ನಿಂತು ಪಾಠ ಹೇಳುತ್ತಿದ್ದಾಳೆ, ಸಡಿಲ ಬಿಡಬೇಡಿ ಎನ್ನುತ್ತೇನೆ. ಆ ಹುಡುಗ ಹುಡುಗಿಯರು ನೆಟ್ಟಗೆ ಕೂರುತ್ತಾರೆ. ಊರಿನವರು ಈಗಲೂ ಇಲಿ ಸಾಕೋಳು ಎನ್ನುತ್ತಾರೆ. ಹೌದು, ನಾನು ಇಲಿ ಸಾಕೋಳು.

ಮೊನ್ನೆ ಕಂಪನಿಯಲ್ಲಿ ಮನೆಯವರನ್ನು ಕರೆತರುವ ದಿನವಿತ್ತು. ಒಳಗೆ ಯಾರಿಗೂ ಪ್ರವೇಶವಿಲ್ಲ, ಕಾರಿಡಾರಿನ ಗಾಜಿನ ಕಿಟಕಿಯಿಂದ ನೋಡಬಹುದು. ಅತ್ತೆ ತಾವಾಗಿಯೇ, "ನಾನೂ ಬರ್ತೀನಿ ನಡಿ" ಅಂದರು. ರೇಷ್ಮೆ ಸೀರೆ ಉಟ್ಟು ಬಂದರು. ಗಾಜಿನ ಮುಂದೆ ನಿಂತಾಗ, ನಾನು ಕೆಲಸ ಕಲಿಸಿದ ಸಲ್ಮಾ ಒಳಗಿನಿಂದ ಒಂದು ಪಂಜರ ಎತ್ತಿ ಹಿಡಿದಳು. ಬಿಳಿ ಇಲಿ. ಬೆನ್ನ ಮೇಲೆ ನುಣುಪಾದ ಕಪ್ಪು ಕೂದಲು.

"ಅದ್ಯಾಕೆ ಬೆನ್ ಮ್ಯಾಲೆ ಕರೇ ತೇಪೆ?"

"ಅದು ಬೇರೆ ಇಲಿಯ ಚರ್ಮ ಅತ್ತೆ."

"ಅದರ ಅತ್ತೇದಾ?"

ಸಲ್ಮಾಳಿಗೆ ಗಾಜಿನಾಚೆ ಕೇಳಿಸಿರಬೇಕು, ಮಾಸ್ಕಿನ ಮೇಲಿನ ಕಣ್ಣುಗಳು ನಗುತ್ತಿದ್ದವು. ನಾನು ನಗು ತಡೆದುಕೊಂಡು, "ಯಾರದ್ದೋ. ನಿಂತಿದೆ ನೋಡಿ, ಕೂದಲು ಬಂದಿದೆ" ಅಂದೆ.

ಅತ್ತೆ ಗಾಜಿಗೆ ಮುಖ ಹತ್ತಿರ ತಂದರು. "ನಿಂಗೆ ಕೊಡಾ ಮಾತ್ರೆನೇ ಇದಕ್ಕೂ?"

"ಹೆಚ್ಚುಕಮ್ಮಿ ಅದೇ ಥರದ್ದು. ಇಂಥವೇ ಮೊದಲು ನುಂಗಿದ್ದು. ಆಮೇಲೇ ನಾನು."

ಅವರು ಎಷ್ಟೋ ಹೊತ್ತು ಆ ಇಲಿಯನ್ನೇ ನೋಡಿದರು. ಅದು ಹಿಂಗಾಲ ಮೇಲೆ ಎದ್ದು ನಿಂತು ಮೀಸೆ ಆಡಿಸಿತು. ಅತ್ತೆ ಕಾಲಿನ ಚಪ್ಪಲಿಯನ್ನು ಪಕ್ಕಕ್ಕೆ ಬಿಟ್ಟರು. ಎರಡೂ ಕೈ ಜೋಡಿಸಿ, ಮಠದಲ್ಲಿ ಹಿರಿಯರನ್ನು ಕಂಡಾಗ ಹೇಳುವ ಹಾಗೆಯೇ, "ಶರಣು ಕಣಪ್ಪಾ" ಅಂದರು.

ಆಮೇಲೆ ಗಾಜನ್ನು ಬೆರಳಿನಿಂದ ತಟ್ಟಿ, ಕಾರಿಡಾರಿನವರೆಲ್ಲ ತಿರುಗಿ ನೋಡುವ ಹಾಗೆ ಸಲ್ಮಾಳಿಗೆ ಕೂಗಿ ಹೇಳಿದರು:

"ಏನವ್ವಾ, ಅದಕ್ಕೆ ಸೊಪ್ಪುಗಿಪ್ಪು ಹಾಕ್ಬುಟ್ಟೀಯ, ಉಸಾರು!"